ರೆಕಾರ್ಡಿನಲ್ಲಿದ್ದಂತೆಯೇ ಹಾಡಬೇಕು

1994ರ ಏಪ್ರಿಲ್ ತಿಂಗಳ ಕೊನೆಯ ವಾರ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಬರ್‌ಬ್ಯಾಂಕ್‌ನಲ್ಲಿರುವ ವಾರ್ನರ್ ಸ್ಟುಡಿಯೊದಲ್ಲಿ ಎಂಟಿವಿ ವಾಹಿನಿಗಾಗಿ ಒಂದು ಸಂಗೀತ ಕಾರ್ಯಕ್ರಮದ ಚಿತ್ರೀಕರಣ ನಡೆದಿತ್ತು. ವೇದಿಕೆಯ ಮೇಲೆ ನಲವತ್ತೈದರ ಆಸುಪಾಸಿನ ಐವರು. ಅವರಲ್ಲೊಬ್ಬ ಸ್ಪೇನ್ ದೇಶದ ಧಾಟಿಯಲ್ಲಿ ಗಿಟಾರ್ ನುಡಿಸತೊಡಗಿದ. ಸಭಿಕರು ಮೌನವಾಗಿ ಕೇಳುತ್ತಿದ್ದರು. ಯಾವ ಹಾಡೆಂದು ಅವರಿಗೆ ಗುರುತು ಹತ್ತಿದಂತಿರಲಿಲ್ಲ. ತಾಳವಾದ್ಯ ಜೊತೆಗೂಡಿತು. ಮತ್ತೆ ಒಂದು ಕ್ಷಣದಲ್ಲಿ, ಹದಿನೇಳು ವರ್ಷಗಳಿಂದ ಎಲ್ಲರಿಗೂ ಬಾಯಿಪಾಠವಾಗಿದ್ದ ಸ್ವರಗಳು ತಂತಿಯಿಂದ ಹೊರಟವು. ಸಭಾಂಗಣ ಹೋ ಎಂದು ಕೂಗಿತು.

ಆ ಹಾಡು ‘ಹೋಟೆಲ್ ಕ್ಯಾಲಿಫೋರ್ನಿಯಾ’. ತಂಡ ‘ಈಗಲ್ಸ್’. ಒಬ್ಬರ ಮುಖ ಒಬ್ಬರು ನೋಡುವುದಿಲ್ಲವೆಂದು 1980ರಲ್ಲಿ ಚದುರಿಹೋಗಿದ್ದ ತಂಡ ಹದಿನಾಲ್ಕು ವರ್ಷಗಳ ನಂತರ ಮತ್ತೆ ಒಂದೇ ವೇದಿಕೆಗೆ ಬಂದಿತ್ತು.

ಹಳೆಯ ತಂಡವೊಂದರ ಕಛೇರಿಗೆ ಜನ ಯಾಕೆ ಹೋಗುತ್ತಾರೆ? ಹಾಡುಗಳು ಮನೆಯ ಕ್ಯಾಸೆಟ್ಟಿನಲ್ಲೋ ಸಿ.ಡಿ.ಯಲ್ಲೋ ಇದ್ದವು, ಇಂದು ಮೊಬೈಲ್ ಫೋನಿನಲ್ಲೇ ಇವೆ. ಹೊಸದೇನನ್ನೂ ಅವರು ಹಾಡುವುದಿಲ್ಲವೆಂಬುದೂ ಗೊತ್ತು. ಆದರೂ ತಿಂಗಳ ದಿನಸಿಯ ಖರ್ಚಿನಷ್ಟು ಹಣ ತೆತ್ತು, ದೂರದ ಕುರ್ಚಿಯಲ್ಲಿ ಕುಳಿತು, ಗೊತ್ತಿರುವುದನ್ನೇ ಕೇಳಿ, ಕಣ್ಣೊರೆಸಿಕೊಂಡು ಮನೆಗೆ ಮರಳುತ್ತಾರೆ. ಈ ಒಗಟಿಗೆ ಉತ್ತರ ಹುಡುಕಲು ಈಗಲ್ಸ್ ತಂಡದ ಐವತ್ತು ವರ್ಷಗಳ ಕಥೆಯಷ್ಟು ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಅಬ್ಬರದ ನಡುವೆ ಮೆಲುದನಿ

1960ರ ದಶಕದ ಕೊನೆಗೆ ರಾಕ್ ಸಂಗೀತವೆಂದರೆ ಅಬ್ಬರ ಎಂಬಂತಾಗಿತ್ತು. ವಿಯೆಟ್ನಾಂ ಯುದ್ಧದ ವಿರುದ್ಧ ಪ್ರತಿಭಟನೆ, ಬೀದಿ ಗಲಭೆ, ಮಾದಕ ದ್ರವ್ಯಗಳ ಹಾವಳಿ ಇವೆಲ್ಲದರ ಬಿಸಿ ಸಂಗೀತಕ್ಕೂ ತಟ್ಟಿತ್ತು. ಹೊಸ ದಶಕ ಕಾಲಿಟ್ಟಾಗ ದಣಿದ ಕಿವಿಗಳು ಬೇರೊಂದನ್ನು ಬಯಸಿದವು. ಅಕೂಸ್ಟಿಕ್ ಗಿಟಾರ್, ಹಳ್ಳಿಗಾಡಿನ ‘ಕಂಟ್ರಿ’ ಸಂಗೀತದ ಸೊಗಡು, ಮನೆ, ಪ್ರೀತಿ, ಪಯಣಗಳ ಸಾಹಿತ್ಯ, ಹಲವು ಕಂಠಗಳ ಹೊಂದಾಣಿಕೆ, ಇವುಗಳಿಂದ ರೂಪುಗೊಂಡ ಶೈಲಿಗೆ ಅಮೆರಿಕದ ಎಫ್.ಎಂ. ರೇಡಿಯೊಗಳು ‘ಸಾಫ್ಟ್ ರಾಕ್’ ಎಂಬ ಹೆಸರು ಕೊಟ್ಟವು. ಜೇಮ್ಸ್ ಟೇಲರ್, ಕಾರ್ಪೆಂಟರ್ಸ್, ಬ್ರೆಡ್, ಅಮೆರಿಕಾ ಮೊದಲಾದವರು ಈ ದಾರಿಯಲ್ಲಿ ಸಾಗಿದವರು.

ಈಗಲ್ಸ್ ಹುಟ್ಟಿದ್ದು ಇದೇ ಹೊತ್ತಿನಲ್ಲಿ, 1971ರಲ್ಲಿ, ಲಾಸ್ ಏಂಜಲಿಸ್‌ನಲ್ಲಿ. ಗಾಯಕಿ ಲಿಂಡಾ ರಾನ್‌ಸ್ಟಾಟ್‌ಗೆ ಹಿಮ್ಮೇಳ ಒದಗಿಸುತ್ತಿದ್ದ ಯುವಕರು ತಮ್ಮದೇ ತಂಡ ಕಟ್ಟಿಕೊಂಡರು. ಡ್ರಮ್ ನುಡಿಸುತ್ತಾ ಹಾಡುವ ಡಾನ್ ಹೆನ್ಲಿ ಟೆಕ್ಸಾಸ್‌ನವ. ಗ್ಲೆನ್ ಫ್ರೈ ಡೆಟ್ರಾಯಿಟ್ ನಗರದವ. ರ‍್ಯಾಂಡಿ ಮೈಸ್ನರ್ ನೆಬ್ರಾಸ್ಕಾದ ರೈತ ಕುಟುಂಬದವ. ಬರ್ನಿ ಲೆಡನ್ ಹುಟ್ಟಿದ್ದು ಮಿನೆಸೋಟಾದಲ್ಲಿ. ಕ್ಯಾಲಿಫೋರ್ನಿಯಾದ ದನಿ ಎಂದು ಲೋಕವೆಲ್ಲ ಕೊಂಡಾಡಿದ ತಂಡದ ಮೂಲ ಸದಸ್ಯರಲ್ಲಿ ಒಬ್ಬನೂ ಅಲ್ಲಿ ಹುಟ್ಟಿದವನಲ್ಲ ಎಂಬುದು ಸ್ವಾರಸ್ಯದ ಸಂಗತಿ.

1972ರಲ್ಲಿ ಮೊದಲ ಆಲ್ಬಂ ಬಂತು. ಲಂಡನ್ನಿನಲ್ಲಿ ಅದನ್ನು ಮುದ್ರಿಸಿದ ಗ್ಲಿನ್ ಜಾನ್ಸ್ ಈ ತಂಡದ ನಿಜವಾದ ಬಲ ಕಂಠಗಳ ಮೇಳೈಕೆಯಲ್ಲಿದೆ ಎಂದು ಕಂಡುಕೊಂಡ. ನಮ್ಮ ಸಂಗೀತದಲ್ಲಿ ಗಾಯಕ ಮುಂದೆ ಸಾಗಿದರೆ ಪಕ್ಕವಾದ್ಯದವರು ಹಿಂಬಾಲಿಸುತ್ತಾರೆ. ಇಲ್ಲಿ ಹಾಗಲ್ಲ. ಮೂವರೋ ನಾಲ್ವರೋ ಒಂದೇ ಮಾತನ್ನು ಒಂದೇ ಕ್ಷಣದಲ್ಲಿ ಬೇರೆ ಬೇರೆ ಸ್ವರಗಳಲ್ಲಿ ಹಿಡಿಯಬೇಕು. ಒಬ್ಬನ ಸ್ವರ ಕೂದಲೆಳೆಯಷ್ಟು ಜಾರಿದರೂ ಇಡೀ ಕಟ್ಟಡ ಕುಸಿಯುತ್ತದೆ. ಆದ್ದರಿಂದ ಯಾರು ಎಲ್ಲಿ ಏನು ಹಾಡಬೇಕೆಂಬುದು ಮೊದಲೇ ನಿಗದಿಯಾಗಿರುತ್ತದೆ. ಆ ಶಿಸ್ತು ತಂಡದ ಶಕ್ತಿಯಾಯಿತು. ಮುಂದೆ ಅದೇ ಅದರ ಸಂಕೋಲೆಯೂ ಆಯಿತು.

ಒಂದು ಸ್ವರದ ಭಾರ

1974ರಲ್ಲಿ ಗಿಟಾರ್ ವಾದಕ ಡಾನ್ ಫೆಲ್ಡರ್ ಸೇರಿಕೊಂಡ. 1975ರ ಕೊನೆಗೆ ಲೆಡನ್ ಹೊರನಡೆದ; ಆತನ ಸ್ಥಾನಕ್ಕೆ ಜೋ ವಾಲ್ಶ್ ಬಂದ. 1976ರ ಫೆಬ್ರವರಿಯಲ್ಲಿ ಅದುವರೆಗಿನ ಜನಪ್ರಿಯ ಗೀತೆಗಳ ಸಂಕಲನ ಹೊರಬಿತ್ತು. ಹತ್ತು ಲಕ್ಷ ಪ್ರತಿಗಳಿಗೆ ‘ಪ್ಲಾಟಿನಂ’ ಮನ್ನಣೆ ಕೊಡುವ ಪದ್ಧತಿಯನ್ನು ಅಮೆರಿಕದ ಧ್ವನಿಮುದ್ರಣ ಉದ್ಯಮದ ಸಂಘ ಅದೇ ವರ್ಷ ಆರಂಭಿಸಿತು. ಆ ಮನ್ನಣೆ ಪಡೆದ ಮೊಟ್ಟಮೊದಲ ಆಲ್ಬಂ ಇದೇ. ವರ್ಷದ ಕೊನೆಗೆ, ಡಿಸೆಂಬರಿನಲ್ಲಿ, ‘ಹೋಟೆಲ್ ಕ್ಯಾಲಿಫೋರ್ನಿಯಾ’ ಬಂತು.

ಆ ಹಾಡಿನ ಹುಟ್ಟಿನ ಕುರಿತು ಫೆಲ್ಡರ್ ಹೇಳಿರುವ ಒಂದು ಪ್ರಸಂಗ ತಂಡದ ಸ್ವಭಾವವನ್ನೇ ತೆರೆದಿಡುತ್ತದೆ. ಮಾಲಿಬು ಕಡಲತೀರದ ಬಾಡಿಗೆ ಮನೆಯಲ್ಲಿ ಕುಳಿತು ಆತ ಹಾಡಿನ ಸಂಗೀತದ ಕರಡನ್ನು ಕ್ಯಾಸೆಟ್ಟಿಗೆ ಇಳಿಸಿದ್ದ. ತಿಂಗಳುಗಳ ನಂತರ ಮಯಾಮಿಯ ಸ್ಟುಡಿಯೊದಲ್ಲಿ ಹಾಡಿನ ಕೊನೆಯ ಗಿಟಾರ್ ಭಾಗವನ್ನು ಮುದ್ರಿಸುವಾಗ ಫೆಲ್ಡರ್ ಮತ್ತು ವಾಲ್ಶ್ ಮನಸ್ಸಿಗೆ ತೋಚಿದಂತೆ ನುಡಿಸಲು ಹೊರಟರು. ಹೆನ್ಲಿ ತಡೆದ. ಕರಡಿನಲ್ಲಿ ಹೇಗಿತ್ತೋ ಹಾಗೆಯೇ ಬರಬೇಕೆಂದು ಹಠ ಹಿಡಿದ. ಕ್ಯಾಸೆಟ್ಟು ಇದ್ದದ್ದು ದೂರದ ಕ್ಯಾಲಿಫೋರ್ನಿಯಾದ ಮನೆಯಲ್ಲಿ. ಕೊನೆಗೆ ಮನೆಗೆಲಸದಾಕೆಗೆ ಫೋನ್ ಮಾಡಿ, ಆಕೆಯಿಂದ ಕ್ಯಾಸೆಟ್ಟನ್ನು ಹುಡುಕಿಸಿ, ಟೇಪ್ ರೆಕಾರ್ಡರ್ ಎದುರು ಫೋನ್ ಹಿಡಿಸಿ, ತಾನೇ ನುಡಿಸಿದ್ದನ್ನು ಮತ್ತೆ ಕೇಳಿ ಕಲಿತು ಫೆಲ್ಡರ್ ನುಡಿಸಬೇಕಾಯಿತು. ಕೇಳುಗರಿಗೆ ಆ ಕ್ಷಣದಲ್ಲೇ ಉಕ್ಕಿ ಬಂದಂತೆ ತೋರುವ ಆ ವಾದನ ನಿಜಕ್ಕೂ ಅಕ್ಷರಶಃ ಒಪ್ಪಿಸಿದ ಪಾಠ!

ಮುದ್ರಣದಲ್ಲಿ ಹಲವು ಗಿಟಾರುಗಳ ಪದರಗಳಿದ್ದ ಈ ಹಾಡನ್ನು ವೇದಿಕೆಯ ಮೇಲೆ ತರುವುದು ಹೇಗೆ? ಫೆಲ್ಡರ್ ಎರಡು ಕುತ್ತಿಗೆಗಳ ಗಿಟಾರ್ ಹಿಡಿದ. ಮೇಲಿನದಕ್ಕೆ ಹನ್ನೆರಡು ತಂತಿ, ಕೆಳಗಿನದಕ್ಕೆ ಆರು. ಹಾಡಿನ ಆರಂಭ ಒಂದರಲ್ಲಿ, ಕೊನೆ ಇನ್ನೊಂದರಲ್ಲಿ. ಆ ಬಿಳಿ ಗಿಟಾರ್ ನೋಡಲು ಚೆಂದವೇನೋ ಹೌದು. ಆದರೆ ಅದರ ನಿಜವಾದ ಕೆಲಸ ರೆಕಾರ್ಡಿಗೆ ನಿಷ್ಠೆಯಿಂದ ನಡೆದುಕೊಳ್ಳುವುದಾಗಿತ್ತು.

ಈ ನಿಷ್ಠೆಗೆ ಮೊದಲು ಬಲಿಯಾದವನು ಮೈಸ್ನರ್. ‘ಟೇಕ್ ಇಟ್ ಟು ದ ಲಿಮಿಟ್’ ಎಂಬ ಹಾಡಿನ ಕೊನೆಯಲ್ಲಿ ಆತನ ಕಂಠ ಬಹಳ ಎತ್ತರಕ್ಕೆ ಏರುತ್ತದೆ. ಸ್ಟುಡಿಯೊದಲ್ಲಿ ಒಮ್ಮೆ ಸಾಧಿಸಿದ್ದನ್ನು ಊರೂರು ಸುತ್ತುತ್ತಾ ರಾತ್ರಿ ರಾತ್ರಿಯೂ ಸಾಧಿಸಬೇಕಿತ್ತು. ಜನ ಕಾಯುತ್ತಿದ್ದುದೇ ಆ ಸ್ವರಕ್ಕಾಗಿ. ಸಂಕೋಚ ಸ್ವಭಾವದ ಮೈಸ್ನರ್‌ಗೆ ಅದೊಂದು ಭಯವಾಗಿ ಕಾಡತೊಡಗಿತು. 1977ರಲ್ಲಿ ಟೆನೆಸಿ ರಾಜ್ಯದ ನಾಕ್ಸ್‌ವಿಲ್‌ನಲ್ಲಿ ಕಾರ್ಯಕ್ರಮ ನಡೆದಾಗ ಆತನಿಗೆ ಮೈ ಹುಷಾರಿರಲಿಲ್ಲ. ಇವತ್ತು ಆ ಹಾಡು ಹಾಡಲಾರೆ ಎಂದ. ತೆರೆಮರೆಯಲ್ಲಿ ಫ್ರೈ ಜೊತೆ ಮಾತಿಗೆ ಮಾತು ಬೆಳೆದು ಕೈಕೈ ಮಿಲಾಯಿಸುವವರೆಗೂ ಹೋಯಿತು. ಅದೇ ವರ್ಷ ಮೈಸ್ನರ್ ತಂಡ ಬಿಟ್ಟ. ತಿಮೊಥಿ ಶ್ಮಿಟ್ ಆತನ ಜಾಗಕ್ಕೆ ಬಂದ.

ಲಾಂಗ್ ಬೀಚ್‌ನ ರಾತ್ರಿ

1980ರ ಜುಲೈ 31. ಲಾಂಗ್ ಬೀಚ್ ನಗರದಲ್ಲಿ ಸೆನೆಟರ್ ಅಲನ್ ಕ್ರಾನ್‌ಸ್ಟನ್ ಅವರ ಚುನಾವಣಾ ನಿಧಿಗಾಗಿ ಕಾರ್ಯಕ್ರಮ. ಸೆನೆಟರ್ ತೆರೆಮರೆಗೆ ಬಂದು ಕೃತಜ್ಞತೆ ಹೇಳಿದಾಗ ಫೆಲ್ಡರ್ ಕೊಂಕಿನ ಉತ್ತರ ಕೊಟ್ಟನೆಂದು ಫ್ರೈ ಕೆರಳಿದ. ವೇದಿಕೆ ಏರಿದ ಮೇಲೂ ಜಗಳ ನಿಲ್ಲಲಿಲ್ಲ. ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ಬಿಡುವಿನಲ್ಲಿ, ಇನ್ನು ಇಷ್ಟು ಹಾಡು ಬಾಕಿ, ಆಮೇಲೆ ನಿನ್ನನ್ನು ನೋಡಿಕೊಳ್ಳುತ್ತೇನೆ ಎಂದು ಇಬ್ಬರೂ ಪರಸ್ಪರ ಬೆದರಿಸುತ್ತಿದ್ದರು. ಮರುಗಳಿಗೆ ಮೈಕಿನ ಮುಂದೆ ನಿಂತು ಪ್ರೀತಿಯ ಹಾಡಿಗೆ ಸ್ವರ ಸೇರಿಸುತ್ತಿದ್ದರು. ಕೆಳಗೆ ಕುಳಿತವರಿಗೆ ಕೇಳಿಸಿದ್ದು ಕಂಠಗಳ ಸಾಮರಸ್ಯ ಮಾತ್ರ. ಕಾರ್ಯಕ್ರಮ ಮುಗಿದ ಕೂಡಲೇ ಫೆಲ್ಡರ್ ತನ್ನದೊಂದು ಗಿಟಾರನ್ನು ಒಡೆದು ಹಾಕಿ ಹೊರಟುಹೋದ. ತಂಡ ಅಲ್ಲಿಗೆ ಒಡೆಯಿತು.

ಆದರೆ ಕಂಪನಿಗೆ ಒಪ್ಪಂದದಂತೆ ಇನ್ನೊಂದು ಆಲ್ಬಂ ಕೊಡುವುದು ಬಾಕಿಯಿತ್ತು. ಕಛೇರಿಗಳ ಧ್ವನಿಮುದ್ರಣವನ್ನೇ ತಿದ್ದಿ ‘ಈಗಲ್ಸ್ ಲೈವ್’ ಎಂದು ಅದೇ ನವೆಂಬರಿನಲ್ಲಿ ಹೊರತರಲಾಯಿತು. ಫ್ರೈ ಲಾಸ್ ಏಂಜಲಿಸ್‌ನಲ್ಲಿ, ಉಳಿದವರು ಎರಡು ಸಾವಿರಕ್ಕೂ ಹೆಚ್ಚು ಮೈಲಿಯಾಚೆಯ ಮಯಾಮಿಯಲ್ಲಿ! ತಪ್ಪಿದ ಸ್ವರಗಳನ್ನು ಅಲ್ಲೊಮ್ಮೆ ಇಲ್ಲೊಮ್ಮೆ ಹಾಡಿಸಿ, ಟೇಪುಗಳನ್ನು ಕೊರಿಯರ್ ಮೂಲಕ ತರಿಸಿಕೊಂಡು ಜೋಡಿಸಲಾಯಿತು. ಆ ಮೇಳೈಕೆ ಕೊರಿಯರ್ ಕಂಪನಿಯ ಕೃಪೆ ಎಂದು ನಿರ್ಮಾಪಕ ಬಿಲ್ ಸಿಮ್‌ಜಿಕ್ ನಗೆಯಾಡಿದ್ದುಂಟು. ‘ಲೈವ್’ ಎಂಬ ಮಾತಿಗೆ ಇದಕ್ಕಿಂತ ದೊಡ್ಡ ವ್ಯಂಗ್ಯ ಬೇಕೆ?

ಮತ್ತೆ ಒಂದಾಗುವುದು ಯಾವಾಗ ಎಂದು ಕೇಳಿದವರಿಗೆ ಹೆನ್ಲಿ, ನರಕ ಹೆಪ್ಪುಗಟ್ಟಿದಾಗ ಎಂದು ಹೇಳುತ್ತಿದ್ದ. ಸೂರ್ಯ ಪಶ್ಚಿಮದಲ್ಲಿ ಹುಟ್ಟಿದಾಗ ಎನ್ನುತ್ತೇವಲ್ಲ, ಹಾಗೆ.

ನೂರು ಡಾಲರಿನ ಟಿಕೆಟ್

ತಂಡವಿರಲಿಲ್ಲ, ಹಾಡುಗಳಿದ್ದವು. ರೇಡಿಯೊ ಅವನ್ನು ಬಿಡಲಿಲ್ಲ. 1980ರ ದಶಕದಲ್ಲಿ ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆ, ಬ್ರಿಗೇಡ್ ರಸ್ತೆಯ ಪಬ್ಬುಗಳಿಂದ ಹಿಡಿದು ಎಂಜಿನಿಯರಿಂಗ್ ಕಾಲೇಜುಗಳ ಹಾಸ್ಟೆಲುಗಳವರೆಗೆ ‘ಹೋಟೆಲ್ ಕ್ಯಾಲಿಫೋರ್ನಿಯಾ’ ಕೇಳಿಬರುತ್ತಿತ್ತು. ಗಿಟಾರ್ ಕಲಿಯಲು ಹೊರಟ ಹುಡುಗರು ಮೊದಲು ಕೈಹಚ್ಚುತ್ತಿದ್ದ ಹಾಡುಗಳಲ್ಲಿ ಅದೂ ಒಂದು. ಅವರಿಗೆಲ್ಲ ಈಗಲ್ಸ್ ಎಂದರೆ ಒಂದು ಕ್ಯಾಸೆಟ್. ಅದರ ಹಿಂದೆ ಉಸಿರಾಡುವ ಮನುಷ್ಯರನ್ನು ಕಂಡವರಿಲ್ಲ.

1993ರಲ್ಲಿ ಕಂಟ್ರಿ ಗಾಯಕರು ಈಗಲ್ಸ್ ಹಾಡುಗಳನ್ನು ಹಾಡಿ ಗೌರವ ಸಂಕಲನವೊಂದನ್ನು ತಂದರು. ಗಾಯಕ ಟ್ರಾವಿಸ್ ಟ್ರಿಟ್ ತನ್ನ ಹಾಡಿನ ವಿಡಿಯೊಗೆ ಹಳೆಯ ಸದಸ್ಯರನ್ನು ಒಟ್ಟಿಗೆ ಕರೆಸಿದ. ಮಂಜು ಕರಗಿತು. ಮರುವರ್ಷ ಬರ್‌ಬ್ಯಾಂಕ್‌ನ ಚಿತ್ರೀಕರಣ, ಮೇ ತಿಂಗಳಿನಿಂದ ಪ್ರವಾಸ. ಅದಕ್ಕಿಟ್ಟ ಹೆಸರೇ ‘ಹೆಲ್ ಫ್ರೀಸಸ್ ಓವರ್’, ಅಂದರೆ ನರಕ ಹೆಪ್ಪುಗಟ್ಟಿತು! ತಾವು ಬೇರೆಯಾಗಿಯೇ ಇರಲಿಲ್ಲ, ಹದಿನಾಲ್ಕು ವರ್ಷ ರಜೆ ತೆಗೆದುಕೊಂಡಿದ್ದೆವು ಅಷ್ಟೇ ಎಂದು ಫ್ರೈ ವೇದಿಕೆಯಲ್ಲಿ ಚಟಾಕಿ ಹಾರಿಸಿದ.

ಈ ಪ್ರವಾಸ ಸಂಗೀತ ವ್ಯಾಪಾರದ ಇತಿಹಾಸದಲ್ಲೊಂದು ತಿರುವು. ಟಿಕೆಟ್ ದರವನ್ನು ನೂರು ಡಾಲರಿನ ಗಡಿ ದಾಟಿಸಿದ ಮೊದಲ ದೊಡ್ಡ ರಾಕ್ ಪ್ರವಾಸ ಇದು. ಟೀಕೆಗಳು ಸುರಿದವು, ಟಿಕೆಟ್‌ಗಳೂ ಖರ್ಚಾದವು. 1970ರ ದಶಕದಲ್ಲಿ ತಂಡಗಳು ಊರೂರು ಸುತ್ತುತ್ತಿದ್ದುದು ಬಹುಮಟ್ಟಿಗೆ ಆಲ್ಬಂ ಮಾರಲಿಕ್ಕಾಗಿ. ಆಗ ಕೇಳುಗರು ವಿದ್ಯಾರ್ಥಿಗಳು, ಜೇಬಿನಲ್ಲಿ ಹಣವಿರಲಿಲ್ಲ. 1994ರ ಹೊತ್ತಿಗೆ ಅವರೇ ವಕೀಲರು, ವೈದ್ಯರು, ಅಧಿಕಾರಿಗಳಾಗಿದ್ದರು. ತಮ್ಮ ಇಪ್ಪತ್ತರ ವಯಸ್ಸನ್ನು ಎರಡೂವರೆ ಗಂಟೆ ಮರಳಿ ಪಡೆಯಲು ಹಣ ಕೊಡಲು ಸಿದ್ಧರಿದ್ದರು. 1999ರ ನಂತರ ಅಂತರ್ಜಾಲದಲ್ಲಿ ಹಾಡುಗಳು ಪುಕ್ಕಟೆ ಸಿಗತೊಡಗಿ ಸಿ.ಡಿ. ಮಾರಾಟ ಕುಸಿದಾಗ, ಕಛೇರಿಯೇ ಕಲಾವಿದರ ಮುಖ್ಯ ಆದಾಯವಾಯಿತು. ಹಳೆಯ ತಂಡಗಳು ಒಂದೊಂದಾಗಿ ಮತ್ತೆ ಒಂದಾದವು. ಆ ಹೆದ್ದಾರಿಗೆ ಜಲ್ಲಿ ಹಾಕಿದವರಲ್ಲಿ ಈಗಲ್ಸ್ ಪ್ರಮುಖರು.

ಹಣ ಬಂದಲ್ಲಿ ಹಳೆಯ ಗಾಯವೂ ತೆರೆದುಕೊಂಡಿತು. ತಂಡ ಹೊರಗಿನವರಿಗೆ ಸ್ನೇಹಿತರ ಕೂಟವಾಗಿ ಕಂಡರೂ ಕಾಗದದ ಮೇಲೆ ಅದೊಂದು ಕಂಪನಿ. ಹೆನ್ಲಿ, ಫ್ರೈ, ಫೆಲ್ಡರ್ ಮೂವರೂ ಪಾಲುದಾರರು. ಮರುಮಿಲನದ ನಂತರ ಹೆನ್ಲಿ, ಫ್ರೈ ಹೆಚ್ಚಿನ ಪಾಲು ಪಡೆದದ್ದನ್ನು ಫೆಲ್ಡರ್ ಪ್ರಶ್ನಿಸುತ್ತ ಬಂದ. 2001ರಲ್ಲಿ ಆತನನ್ನು ಹೊರಹಾಕಲಾಯಿತು. ಆತ ಕೋರ್ಟಿಗೆ ಹೋದ, 2007ರಲ್ಲಿ ರಾಜಿಯಾಯಿತು. ‘ಹೋಟೆಲ್ ಕ್ಯಾಲಿಫೋರ್ನಿಯಾ’ದ ಸಂಗೀತವನ್ನು ಕ್ಯಾಸೆಟ್ಟಿಗೆ ಮೊದಲು ಇಳಿಸಿದವನೇ ವೇದಿಕೆಯಲ್ಲಿಲ್ಲ. ಸಂಬಳಕ್ಕೆ ಬಂದ ಸ್ಟುವರ್ಟ್ ಸ್ಮಿತ್ ಎಂಬ ನುರಿತ ವಾದಕ ಅದೇ ಸ್ವರಗಳನ್ನು ಅದೇ ಕ್ರಮದಲ್ಲಿ ನುಡಿಸತೊಡಗಿದ. ಸಭಿಕರ ಚಪ್ಪಾಳೆಗೇನೂ ಕೊರತೆಯಾಗಲಿಲ್ಲ.

ಇಲ್ಲೊಂದು ವ್ಯತ್ಯಾಸ ಗಮನಿಸಬೇಕು. ಕರ್ನಾಟಕ ಸಂಗೀತದ ಕಛೇರಿಯಲ್ಲಿ ವಿದ್ವಾಂಸರು ನಿನ್ನೆ ಹಾಡಿದ ಆಲಾಪನೆಯನ್ನೇ ಇವತ್ತೂ ಹಾಡಿದರೆ ರಸಿಕರು ಮುಖ ಸಿಂಡರಿಸುತ್ತಾರೆ. ಮನೋಧರ್ಮವೇ ಅಲ್ಲಿನ ಜೀವಾಳ. ಗಣೇಶೋತ್ಸವದ ಪೆಂಡಾಲಿನ ಆರ್ಕೆಸ್ಟ್ರಾದಲ್ಲಿ ಮಾತ್ರ ಲೆಕ್ಕ ತಿರುಗುಮುರುಗು: ಸಿನಿಮಾ ಹಾಡು ಕ್ಯಾಸೆಟ್ಟಿನಲ್ಲಿದ್ದಂತೆಯೇ ಬರಬೇಕು, ಕೊಳಲಿನ ತುಣುಕೊಂದು ತಪ್ಪಿದರೂ ಜನ ಗುರುತಿಸುತ್ತಾರೆ. ಈಗಲ್ಸ್ ಮಾಡಿದ್ದು ಈ ಎರಡನೆಯದನ್ನು. ವಿಶೇಷವೆಂದರೆ ಇಲ್ಲಿ ಅನುಕರಣೆಗೊಳಗಾಗುವವರೂ ಅವರೇ, ಅನುಕರಿಸುವವರೂ ಅವರೇ. ತಮ್ಮದೇ ಯೌವನದ ರೆಕಾರ್ಡಿಗೆ ಅವರು ಆರ್ಕೆಸ್ಟ್ರಾ ಆಗಿಬಿಟ್ಟಿದ್ದರು.

ಈ ಮಾತನ್ನು ಅವರೇ ಒಪ್ಪಿಕೊಂಡಂತೆ ತೋರಿದ್ದು 2019ರಲ್ಲಿ. ಆ ವರ್ಷ ಲಾಸ್ ವೇಗಸ್‌ನಲ್ಲಿ ಶುರುವಾದ ಪ್ರವಾಸದಲ್ಲಿ ‘ಹೋಟೆಲ್ ಕ್ಯಾಲಿಫೋರ್ನಿಯಾ’ ಆಲ್ಬಮ್ಮನ್ನು ಮೊದಲಿನಿಂದ ಕೊನೆಯವರೆಗೆ, ರೆಕಾರ್ಡಿನ ಕ್ರಮದಲ್ಲೇ ಹಾಡಿದರು. ಕಾರ್ಯಕ್ರಮದ ಆರಂಭಕ್ಕೆ ಒಬ್ಬಾತ ವೇದಿಕೆಗೆ ಬಂದು ರೆಕಾರ್ಡನ್ನು ಟರ್ನ್‌ಟೇಬಲ್ ಮೇಲಿಟ್ಟು ಮುಳ್ಳು ಇಳಿಸುವುದು, ಆಮೇಲೆ ಗಾಯನ. ಗರ್ಭಗುಡಿಯಲ್ಲಿ ಮೂರ್ತಿ ಇಟ್ಟ ಮೇಲೆ ಪೂಜೆ ಶುರುವಾದ ಹಾಗೆ!

ಮಗನ ದನಿ

ಆದರೆ ಈ ಕಥೆ ಇಷ್ಟಕ್ಕೇ ಮುಗಿದಿದ್ದರೆ ಹಳೆಯ ತಂಡದ ಕಛೇರಿ ಒಂದು ದುಬಾರಿ ವಸ್ತುಸಂಗ್ರಹಾಲಯ ಎಂದು ಕೈತೊಳೆದುಕೊಳ್ಳಬಹುದಿತ್ತು.

2016ರ ಜನವರಿ 18ರಂದು ಗ್ಲೆನ್ ಫ್ರೈ ತೀರಿಕೊಂಡ. ವಯಸ್ಸು 67. ಮರುತಿಂಗಳು ಗ್ರ್ಯಾಮಿ ಸಮಾರಂಭದಲ್ಲಿ ಉಳಿದವರು, ಹಳೆಯ ಗೆಳೆಯ ಜಾಕ್ಸನ್ ಬ್ರೌನ್ ಜೊತೆ ಸೇರಿ, ಬ್ರೌನ್ ಮತ್ತು ಫ್ರೈ ಕೂಡಿ ಬರೆದಿದ್ದ ‘ಟೇಕ್ ಇಟ್ ಈಸಿ’ ಹಾಡಿದರು. 1975ರಲ್ಲಿ ತಂಡ ಬಿಟ್ಟಿದ್ದ ಲೆಡನ್ ಕೂಡ ಬಂದಿದ್ದ. ತಂಡದ ಕಥೆ ಅಲ್ಲಿಗೆ ಮುಗಿಯಿತು ಎಂಬರ್ಥದ ಮಾತನ್ನು ಹೆನ್ಲಿ ಆಡಿದ. ಕೇಳುಗರೂ ಹಾಗೆಂದೇ ಭಾವಿಸಿದರು.

2017ರ ಜುಲೈ 15. ಲಾಸ್ ಏಂಜಲಿಸ್‌ನ ಡಾಜರ್ ಕ್ರೀಡಾಂಗಣ. ಈಗಲ್ಸ್ ಮತ್ತೆ ವೇದಿಕೆ ಏರಿತು. ಕಂಟ್ರಿ ಸಂಗೀತದ ಹೆಸರಾಂತ ಗಾಯಕ ವಿನ್ಸ್ ಗಿಲ್ ಜೊತೆಗಿದ್ದ. ಇನ್ನೊಬ್ಬ 24 ವರ್ಷದ ಉದ್ದ ಕೂದಲಿನ ಯುವಕ, ಡೀಕನ್ ಫ್ರೈ, ಗ್ಲೆನ್‌ನ ಮಗ. ಅಪ್ಪ 1972ರಲ್ಲಿ, ಹೆಚ್ಚುಕಡಿಮೆ ಅದೇ ವಯಸ್ಸಿನಲ್ಲಿ, ಮೊದಲ ಆಲ್ಬಮ್ಮಿಗೆ ಹಾಡಿದ್ದ ‘ಟೇಕ್ ಇಟ್ ಈಸಿ’ಯನ್ನು ಮಗ ಹಾಡಿದ. ಸ್ವರಗಳು ರೆಕಾರ್ಡಿನವೇ. ಪಕ್ಕದಲ್ಲಿ ಅಪ್ಪನ ಸಂಗಡಿಗರು ತಮ್ಮ ಎಂದಿನ ಸ್ವರಗಳಲ್ಲಿ ಜೊತೆಗೂಡಿದರು. ಹೆನ್ಲಿ, ವಾಲ್ಶ್, ಶ್ಮಿಟ್ ಮೂವರೂ 1947ರಲ್ಲಿ, ಭಾರತ ಸ್ವತಂತ್ರವಾದ ವರ್ಷ, ಹುಟ್ಟಿದವರು. ಆಗ ಎಪ್ಪತ್ತರ ಹೊಸ್ತಿಲಲ್ಲಿದ್ದರು.

ಇದು ಈಗಲ್ಸ್ ಹೌದೋ ಅಲ್ಲವೋ ಎಂಬ ವಾದ ಆಗಲೇ ಎದ್ದಿತು. ಫ್ರೈ ಇಲ್ಲದ ಮೇಲೆ ಆ ಹೆಸರಿಟ್ಟುಕೊಂಡು ಟಿಕೆಟ್ ಮಾರುವುದು ಸರಿಯಲ್ಲ ಎಂದವರಿದ್ದರು. ಅವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಕರಾವಳಿಯವರಿಗೆ ಈ ಪ್ರಶ್ನೆ ಬೇರೆ ರೀತಿಯಲ್ಲಿ ಪರಿಚಿತ. ಯಕ್ಷಗಾನ ಮೇಳದ ಹೆಸರು ಉಳಿಯುತ್ತದೆ, ಭಾಗವತರು ಬದಲಾಗುತ್ತಾರೆ. ಅಪ್ಪ ಕಟ್ಟುತ್ತಿದ್ದ ವೇಷವನ್ನು ಮಗ ಕಟ್ಟುತ್ತಾನೆ. ಅಪ್ಪನ ಹಾಗೇ ಕುಣಿದ ಎಂದು ಹಿರಿಯರು ಅಂದರೆ ಅದು ನಕಲಿನ ನಿಂದೆಯಲ್ಲ, ಮೆಚ್ಚುಗೆ. ಹಾಡಿನ ಚೌಕಟ್ಟು ಕದಲದೆ ಇದ್ದುದರಿಂದಲೇ ಡೀಕನ್‌ಗೆ ಅದರೊಳಗೆ ನಿಲ್ಲಲು ಜಾಗ ಸಿಕ್ಕಿತು. ಮೈಸ್ನರ್‌ನನ್ನು ಹೊರದಬ್ಬಿದ ಶಿಸ್ತೇ ನಲವತ್ತು ವರ್ಷಗಳ ನಂತರ ಮಗನೊಬ್ಬನಿಗೆ ಬಾಗಿಲು ತೆರೆಯಿತು. ಎರಡೂ ನಿಜ; ಒಂದನ್ನು ಹೇಳಿ ಇನ್ನೊಂದನ್ನು ಮರೆಯುವಂತಿಲ್ಲ.

ಅಂಕಿಅಂಶಗಳೂ ಕಥೆ ಹೇಳುತ್ತವೆ. 1976ರ ಸಂಕಲನ 3.8 ಕೋಟಿ ಪ್ರತಿಗಳ ಮನ್ನಣೆ ಪಡೆದು, ಮೈಕೆಲ್ ಜಾಕ್ಸನ್‌ನ ‘ಥ್ರಿಲ್ಲರ್’ ಅನ್ನು ಹಿಂದಿಕ್ಕಿ, ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾದ ಆಲ್ಬಂ ಎಂದು ಉದ್ಯಮದ ಸಂಘ 2018ರ ಆಗಸ್ಟಿನಲ್ಲಿ ಸಾರಿತು. ತಂಡ 2023ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನಿಂದ ವಿದಾಯದ ಪ್ರವಾಸ ಹೊರಟಿತು. ಅದಕ್ಕೆ ಕೆಲವೇ ವಾರ ಮುಂಚೆ, ಜುಲೈ ಕೊನೆಯಲ್ಲಿ, ಮೈಸ್ನರ್ ತೀರಿಕೊಂಡಿದ್ದ. 2024ರ ಸೆಪ್ಟೆಂಬರಿನಿಂದ ಲಾಸ್ ವೇಗಸ್‌ನ ‘ಸ್ಫಿಯರ್’ ಎಂಬ ಗೋಳಾಕಾರದ ಸಭಾಂಗಣದಲ್ಲಿ ಸಾಲು ಕಾರ್ಯಕ್ರಮಗಳು ನಡೆದವು. ಹದಿನೇಳು ಸಾವಿರಕ್ಕೂ ಮಿಕ್ಕಿ ಆಸನಗಳ ಆ ಸಭಾಂಗಣದಲ್ಲಿ ತಲೆಯ ಮೇಲೂ ಸುತ್ತಲೂ ಬೃಹತ್ ಪರದೆ. ಅದರ ಕೆಳಗೆ ಗಾಯಕರು ಇರುವೆಗಳಂತೆ ಕಾಣುತ್ತಾರೆ.

ಹಾಗಿದ್ದರೆ ಜನ ನೋಡಲು ಹೋಗುವುದು ಏನನ್ನು? ಹಾಡನ್ನು ಕೇಳಲಿಕ್ಕಾದರೆ ರೆಕಾರ್ಡ್ ಸಾಕು. ಅದರಲ್ಲಿ ಹೆನ್ಲಿಗೆ ಎಂದೆಂದಿಗೂ 29 ವರ್ಷ. ಮೈಸ್ನರ್ ಪ್ರತಿ ಸಲವೂ ಆ ಎತ್ತರದ ಸ್ವರ ಮುಟ್ಟುತ್ತಾನೆ, ಒಮ್ಮೆಯೂ ಹೆದರುವುದಿಲ್ಲ. ರೆಕಾರ್ಡಿಗೆ ವಯಸ್ಸಾಗುವುದಿಲ್ಲ, ಕೇಳುಗನಿಗೆ ಆಗುತ್ತದೆ. ಆ ಮಟ್ಟಿಗೆ ಅವನು ಒಂಟಿ. ಕಛೇರಿಯಲ್ಲಿ ಮಾತ್ರ ವೇದಿಕೆಯ ಮೇಲಿರುವವರಿಗೂ ತಲೆ ನರೆತಿದೆ. ಅದೇ ಹಾಡು, ಅದೇ ಸ್ವರ. ಹಾಡುವವನೂ ಕೇಳುವವನೂ ಒಟ್ಟಿಗೆ ಮುದುಕರಾಗಿದ್ದಾರೆ. ಒಬ್ಬ ಇಲ್ಲವಾಗಿದ್ದಾನೆ, ಅವನ ಜಾಗದಲ್ಲಿ ಮಗ ನಿಂತಿದ್ದಾನೆ. ಸ್ವರ ಕದಲದಿರುವುದರಿಂದಲೇ ಉಳಿದದ್ದೆಲ್ಲ ಎಷ್ಟು ಕದಲಿದೆ ಎಂಬುದು ಕಣ್ಣಿಗೆ ಕಾಣುತ್ತದೆ.

ನೂರು ಡಾಲರ್ ಹೆಚ್ಚೋ ಕಡಿಮೆಯೋ, ಅದು ಅವರವರ ಜೇಬಿಗೆ ಬಿಟ್ಟ ವಿಚಾರ. ಕೊಂಡದ್ದು ಹಾಡನ್ನಲ್ಲ ಎಂಬುದು ಮಾತ್ರ ಟಿಕೆಟ್ ಕೊಂಡವರಿಗೆಲ್ಲ ಗೊತ್ತು.